ಶ್ರಾವಣದಲ್ಲಿ ಬಿಟ್ಟವರು

“ಮುಟ್ಟಬ್ಯಾಡ್ರಮ್ಮ, ಅದ್ರಲ್ಲಿ ವಿಷ ಐತೆ!” ಎಂದು ದೊಡ್ಡವೆಂಕಟಪ್ಪ ಎರಡನೆಯ ಸಲ ಕೂಗುವಷ್ಟರಲ್ಲಿ ಭಾರತಮ್ಮ ಸ್ಟೂಲ್ ಹತ್ತಿ, ಅಡುಗೆಮನೆಯ ಅಟ್ಟದ ಮೂಲೆಯಿಂದ ಡಬ್ಬಿಯನ್ನು ಎಳೆದುಕೊಂಡಾಗಿತ್ತು.

“ವಿಷ ಮುಟ್ಟಿದ್ರೆ ಯಾರೂ ಸಾಯಲ್ಲ ಕಣಪ್ಪ, ತಿಂದ್ರೆ ಸಾಯೋದು. ನೀನು ಸ್ಟೂಲ್ ಗಟ್ಟಿಯಾಗಿ ಹಿಡ್ಕೋ. ನಾನು ಬಿದ್ದು ಸತ್ರೆ ಅದನ್ನೂ ನೂರ್ಜಹಾನ್ ತಲೆಗೇ ಕಟ್ತೀರಿ.”

ದೊಡ್ಡವೆಂಕಟಪ್ಪ ಮುಖ ಗಂಟಿಕ್ಕಿಕೊಂಡೇ ಸ್ಟೂಲ್ ಹಿಡಿದುಕೊಂಡ.

ಮುಳಬಾಗಿಲಿನ ಈ ಮನೆಯ ಯಜಮಾನಿ, ಅವನ ಹೆಂಡತಿ ದೊಡ್ಡಗಂಗಮ್ಮ, ಆರು ದಿನದಿಂದ ಕೋಲಾರದ ಆಸ್ಪತ್ರೆಯಲ್ಲಿ ಬಿ.ಪಿ. ಮೇಲೇಳದೆ ಮಲಗಿದ್ದಳು. ಅಕ್ಕಪಕ್ಕದ ಮಂಚಗಳಲ್ಲಿ ಇದೇ ಊರಿನ ಇನ್ನೂ ನಾಲ್ವರು ಹೆಂಗಸರಿದ್ದರು. ಐವರೂ ಕುಡಿದದ್ದು ‘ಚಿರಕಾಂತಿ’ ಎಂಬ ಕೊಲಾಜನ್ ಪುಡಿ. ಐವರಿಗೂ ಮಾರಿದವಳು ರವಿಕೆ ಹೊಲಿಯುವ ನೂರ್ಜಹಾನ್.

ಭಾರತಮ್ಮ ಪೊಲೀಸಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಕೂತು, ಮಾತ್ರೆ ಎಣಿಸಿ ಕೊಟ್ಟು, ನಿವೃತ್ತರಾದವರು. ಬಿಟ್ಟಿ ಸಿಕ್ಕ ಮಾತ್ರೆಯನ್ನು ಚರಂಡಿಗೆ ಎಸೆದು, ದುಡ್ಡು ಕೊಟ್ಟು ತಂದ ಬೂದಿಯನ್ನು ಕಣ್ಣಿಗೊತ್ತಿಕೊಳ್ಳುವ ಜನರನ್ನು ಆ ಕಿಟಕಿಯಿಂದ ಸಾಕಷ್ಟು ಕಂಡಿದ್ದರು. ಹಾಗಾಗಿ ಮನುಷ್ಯಜಾತಿಯ ಬುದ್ಧಿಯ ಬಗ್ಗೆ ಅವರಿಗೆ ದೊಡ್ಡ ಗೌರವವೇನೂ ಉಳಿದಿರಲಿಲ್ಲ.

ಆದರೂ ನೂರ್ಜಹಾನಳ ಮಗಳು ಮಹೆಕ್ ಮನೆಗೆ ಬಂದು ಅತ್ತಾಗ ಅವರಿಗೆ ಇಲ್ಲವೆನ್ನಲಾಗಲಿಲ್ಲ. ಮೂರು ದಿನದಿಂದ ಪೊಲೀಸರು ನೂರ್ಜಹಾನಳನ್ನು ಬೆಳಿಗ್ಗೆ ಕರೆದು ಸಂಜೆ ಕಳಿಸುತ್ತಿದ್ದರು. ಮನೆಯಲ್ಲಿದ್ದ ಪುಡಿಯ ಡಬ್ಬಿಗಳನ್ನೆಲ್ಲ ಜಪ್ತಿ ಮಾಡಿದ್ದರು. ಇವತ್ತು ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಬಂಧಿಸಿ ಕೋರ್ಟಿಗೆ ಕರೆದೊಯ್ಯುವುದಾಗಿ ಸಬ್ ಇನ್ಸ್‌ಪೆಕ್ಟರ್ ಹೇಳಿಬಿಟ್ಟಿದ್ದರು.

“ಬೇರೆ ಸುಳಿವು ಯಾಕಮ್ಮ ಬೇಕು?” ಎಂದ ದೊಡ್ಡವೆಂಕಟಪ್ಪ. “ಆಯಮ್ಮನ ಕೇರೀಲಿ ಇಪ್ಪತ್ತಮೂರು ಜನ ಇದೇ ಪುಡಿ ಕುಡೀತಾರೆ. ಒಬ್ರಿಗಾದ್ರೂ ನೆಗಡಿ ಬಂತಾ? ಗುಂಡುಕಲ್ಲಿನಂಗವ್ರೆ. ಬಿದ್ದೋರು ಐದು ಜನಾನೂ ನಮ್ಮೋರೇ. ಇದರ ಅರ್ಥ ಏನು?”

“ನಿನಗೆ ಎಣಿಸೋಕೆ ಬರುತ್ತೆ ಅಂತ ಅರ್ಥ. ಯೋಚನೆ ಮಾಡೋಕೆ ಬರಲ್ಲ ಅಂತಾನೂ ಅರ್ಥ.”

“ನಗಬ್ಯಾಡಿ. ಮೊಬೈಲಲ್ಲಿ ಎಲ್ಲಾರೂ ಅದೇ ಹಾಕವ್ರೆ.”

“ಮೊಬೈಲಲ್ಲಿ ಹಾಕಿದ್ದು ನಂಬಿ ತಾನೇ ನಿನ್ನ ಹೆಂಡತಿ ಈ ಪುಡಿ ಕುಡಿದಿದ್ದು? ಒಂದು ಸಲ ಮೋಸ ಹೋಗಿದ್ದು ಸಾಲದಾ?”

ಭಾರತಮ್ಮ ಕೆಳಗಿಳಿದು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚಿನ್ನದ ಬಣ್ಣದ ಚೀಟಿ, ಅದರ ಮೇಲೆ ಬೆಳ್ಳಗಿನ ಹುಡುಗಿಯೊಬ್ಬಳ ಮುಖ. ‘ಮರೀನ್ ಕೊಲಾಜನ್. ಚರ್ಮಕ್ಕೆ ಕಾಂತಿ, ಕೀಲಿಗೆ ಬಲ. ಮಾವಿನ ಹಣ್ಣಿನ ಸ್ವಾದದಲ್ಲಿ.’ ಹಿತ್ತಲಲ್ಲೇ ಮಾವಿನ ಮರ ಇಟ್ಟುಕೊಂಡು, ಡಬ್ಬಿಯೊಳಗಿನ ಮಾವಿನ ವಾಸನೆಯನ್ನು ಕೊಂಡು ಕುಡಿಯುವವರಿಗೆ ಏನು ಹೇಳುವುದು?

ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅದನ್ನು ನೋಡಿ ಅವರ ಹುಬ್ಬು ಮೇಲೇರಿತು.

“ಚಂದನಾ, ಬಾ ಇಲ್ಲಿ,” ಎಂದು ಆ ಮನೆಯ ಸೊಸೆಯನ್ನು ಕರೆದರು. “ದಿನಾ ಕುಡಿಯೋ ಪುಡೀನ ಯಾರಾದ್ರೂ ಅಟ್ಟದ ಮೇಲೆ ಇಡ್ತಾರೇನೇ?”

“ಶ್ರಾವಣ ಅಲ್ವಾ ಅಮ್ಮ?”

“ಶ್ರಾವಣಕ್ಕೂ ಪುಡಿಗೂ ಏನು ಸಂಬಂಧ?”

ಚಂದನ ಮಾವನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. “ಭೀಮನ ಅಮಾವಾಸ್ಯೆ ದಿನ ಅಡುಗೆಮನೆ ತೊಳೀತಾ ಇದ್ವಿ. ಡಬ್ಬಿ ಮೇಲೆ ಮರೀನ್ ಅಂತ ಬರ್ದೈತಲ್ಲ, ಹಂಗಂದ್ರೇನು ಅಂತ ಅತ್ತೆ ಕೇಳಿದ್ರು. ಸಣ್ಣ ಅಕ್ಷರದಲ್ಲಿ ಮೀನಿನ ಚರ್ಮ ಅಂತ ಬರ್ದಿತ್ತು, ನಾನು ಓದಿ ಹೇಳ್ದೆ. ‘ಅಯ್ಯೋ ದೇವುಡಾ, ಒಂದು ತಿಂಗಳು ಇದು ಮನೇಲೇ ಬ್ಯಾಡ’ ಅಂದ್ರು. ಬಾಡು ಬೇಯ್ಸೋ ಪಾತ್ರೆಗಳ ಜೊತೆ ಇದನ್ನೂ ಅಟ್ಟಕ್ಕೆ ಹಾಕಿಸಿದ್ರು.”

“ಆಮೇಲೆ ಇಳಿಸಲಿಲ್ವಾ?”

“ಇಲ್ಲ. ಶ್ರಾವಣ ಮುಗಿಯೋ ತನಕ ಒಂದು ಚಮಚನೂ ಬ್ಯಾಡ ಅಂದಿದ್ರು.”

“ಬಿದ್ದಿದ್ದು ಯಾವತ್ತು?”

“ನಾಗರಪಂಚಮಿ ಮಾರನೇ ದಿನ.”

ಭಾರತಮ್ಮ ಬೆರಳು ಮಡಿಸಿದರು. ಅಮಾವಾಸ್ಯೆಯಿಂದ ಪಂಚಮಿಗೆ ಐದು, ಮಾರನೆಯ ದಿನಕ್ಕೆ ಆರು. ಅಂದರೆ ಪುಡಿ ಬಿಟ್ಟ ಆರನೆಯ ದಿನ ದೊಡ್ಡಗಂಗಮ್ಮ ಬಿದ್ದಿದ್ದಳು.

“ಉಳಿದ ನಾಲ್ಕು ಮನೆಗೂ ಈಗಲೇ ಫೋನ್ ಮಾಡು. ಬಿದ್ದ ದಿನ ಪುಡಿ ಕುಡೀತಿದ್ರಾ, ಬಿಟ್ಟಿದ್ರಾ, ಅಷ್ಟು ಮಾತ್ರ ಕೇಳು. ಅವರ ಕಷ್ಟಸುಖ ಎಲ್ಲಾ ಆಮೇಲೆ ಕೇಳ್ಕೊಳ್ಳುವೆಯಂತೆ.”

ಚಂದನ ಒಂದೊಂದಾಗಿ ಫೋನ್ ಮಾಡಿದಳು. ಮೊದಲನೆಯದು ವೆಂಕಟರತ್ನಮ್ಮನ ಮನೆ, ಅಲ್ಲಿ ಶ್ರಾವಣಕ್ಕೆ ಬಿಟ್ಟಿದ್ದರು. ಎರಡನೆಯ ಮನೆಯವರು ಶ್ರಾವಣ ಶನಿವಾರದ ವ್ರತ ಹಿಡಿಯುವ ಒಕ್ಕಲು, ಅವರೂ ಬಿಟ್ಟಿದ್ದರು. ಮೂರನೆಯವರೂ ಬಿಟ್ಟಿದ್ದರು. ನಾಲ್ಕನೆಯವಳಿಗೆ ಡಬ್ಬಿಯಲ್ಲಿ ಮೀನಿದೆಯೆಂದು ಹೇಳಿ ಬಿಡಿಸಿದವಳು ಸ್ವತಃ ದೊಡ್ಡಗಂಗಮ್ಮನೇ.

ಭಾರತಮ್ಮನಿಗೆ ಇದು ಅರ್ಥವಾಗಲಿಲ್ಲ. ವಿಷ ಕುಡಿದವರು ಕುಡಿದಾಗ ಬೀಳಬೇಕು. ಇವರು ನಾಲ್ಕು ತಿಂಗಳು ಕುಡಿದು ಚೆನ್ನಾಗಿದ್ದು, ಬಿಟ್ಟ ಮೇಲೆ ಬಿದ್ದಿದ್ದಾರೆ. ದಿನಾ ಕುಡಿಯುತ್ತಿರುವ ಇಪ್ಪತ್ತಮೂರು ಮಂದಿ ಓಡಾಡಿಕೊಂಡಿದ್ದಾರೆ. ಇದೆಂಥ ವಿಷ?

“ಪುಡಿಯಿಂದ ಏನಾದ್ರೂ ಗುಣ ಕಂಡಿತ್ತಾ?”

“ಹ್ಞೂಂ ಅಮ್ಮ! ಮೊಣಕಾಲು ನೋವು ಮೂರೇ ದಿನಕ್ಕೆ ಹೋಯ್ತು. ಮುಖ ನೋಡಿ ಬೇಕಾದ್ರೆ.” ಚಂದನ ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದಳು. ಯುಗಾದಿಯ ದಿನದ ದೊಡ್ಡಗಂಗಮ್ಮ ಬತ್ತಿದ ಕೆನ್ನೆಯ ಹೆಂಗಸು. ಆಷಾಢದ ಫೋಟೋದಲ್ಲಿ ಮುಖ ದುಂಡಗೆ ತುಂಬಿಕೊಂಡು, ಸುಕ್ಕೆಲ್ಲ ಮಾಯವಾಗಿ, ಕೆನ್ನೆ ಕೆಂಪೇರಿತ್ತು. “ಹತ್ತು ವರ್ಷ ವಯಸ್ಸು ಕಮ್ಮಿ ಆಯ್ತು ಅಂತ ಎಲ್ಲಾರೂ ಅನ್ನೋರು.”

ಆ ದುಂಡು ಮುಖವನ್ನು ಎಲ್ಲೋ ನೋಡಿದ್ದೇನೆಂದು ಭಾರತಮ್ಮನಿಗೆ ಅನ್ನಿಸಿತು. ದೊಡ್ಡಗಂಗಮ್ಮನನ್ನಲ್ಲ, ಅಂಥದೇ ಮುಖವನ್ನು. ಎಲ್ಲಿ ಎಂಬುದು ನೆನಪಾಗಲಿಲ್ಲ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಹೊರಟರು.

ಬಸ್ ಸ್ಟ್ಯಾಂಡಿನಲ್ಲಿ ವೆಂಕಟನ ಫೋನ್ ಬಂತು. ಶ್ರೀನಿವಾಸಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಈ ವೆಂಕಟ್, ಹದಿನೈದು ವರ್ಷದ ಹಿಂದೆ ಭಾರತಮ್ಮನ ಕೈಕೆಳಗೆ ಕೆಲಸ ಕಲಿತವನು. ಈಗ ಗ್ರಾಹಕ ಜಾಗೃತಿ ವೇದಿಕೆಯ ಅಧ್ಯಕ್ಷ. ಐದು ಮನೆಯವರನ್ನು ಕೂರಿಸಿ, ನೂರ್ಜಹಾನಳ ಮೇಲೆ ದೂರು ಬರೆಸಿದವನೂ ಅವನೇ. ಆ ಒಂದು ವಿಷಯದಲ್ಲಿ ಭಾರತಮ್ಮನಿಗೆ ಅವನ ಮೇಲೆ ಸಿಟ್ಟಿತ್ತು. ಆದರೆ ಡಬ್ಬಿ, ಪುಡಿ, ಕ್ಯಾಪ್ಸೂಲ್ ಮಾರುವವರನ್ನು ಅವರಷ್ಟೇ ತಾತ್ಸಾರದಿಂದ ಬಯ್ಯಬಲ್ಲವನು ಜಿಲ್ಲೆಯಲ್ಲಿ ಇವನೊಬ್ಬನೇ ಎಂಬ ಹೆಮ್ಮೆಯೂ ಇತ್ತು.

“ಎಲ್ಲಿದ್ದೀರ ಮೇಡಂ?”

“ಮಾಲೂರಿಗೆ ಹೊರಟಿದ್ದೀನಿ. ಆ ಪುಡಿ ಮಾಡೋ ಮಹಾನುಭಾವನ್ನ ನೋಡಿ ಬರ್ತೀನಿ.”

“ಅವನ ಹತ್ರ ಯಾಕೆ ಮೇಡಂ? ಅವನು ಬರೀ ಸುಳ್ಳ. ಮಾರಿದೋಳೇ ಕೈಗೆ ಸಿಕ್ಕವ್ಳಲ್ಲ.”

“ಸುಳ್ಳರ ಹತ್ರಾನೇ ಕಣೋ ನಿಜ ಸಿಗೋದು. ಅವರು ಬಚ್ಚಿಟ್ಟಿರ್ತಾರೆ,” ಎಂದು ಭಾರತಮ್ಮ ಬಸ್ ಹತ್ತಿದರು.

ಮಾಲೂರಿನ ಹೊರಗೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಚಿರಕಾಂತಿ ಹುಟ್ಟುತ್ತಿತ್ತು. ಅದರ ಒಡೆಯ ಕದಿರೇಶ್ ಮೊದಲು ಹೆಂಚು ಮಾರುತ್ತಿದ್ದವನು. ಹೆಂಚಿಗೆ ಗಿರಾಕಿ ಕಮ್ಮಿಯಾದ ಮೇಲೆ ಜನರ ತಲೆಯ ಮೇಲೆ ಬೇರೆ ಏನು ಹೊದಿಸಬಹುದೆಂದು ಯೋಚಿಸಿ, ಈಗ ‘ವೆಲ್‌ನೆಸ್ ಕೋಚ್’ ಆಗಿದ್ದ. ಗೋಡೆಯ ತುಂಬ ಅವನ ಫೋಟೋಗಳು. ಒಂದರಲ್ಲಿ ಹಾರ, ಒಂದರಲ್ಲಿ ಶಾಲು, ಇನ್ನೊಂದರಲ್ಲಿ ಎರಡೂ.

“ಇಪ್ಪತ್ತೈದು ವರ್ಷ ದಾಟಿದ ಮೇಲೆ ಪ್ರತಿಯೊಬ್ಬರ ಶರೀರದಲ್ಲೂ ಕೊಲಾಜನ್ ಕಮ್ಮಿ ಆಗ್ತಾ ಹೋಗುತ್ತೆ ಮೇಡಂ,” ಎಂದು ಅವನು ಕುರ್ಚಿ ಎಳೆದು ಹಾಕುತ್ತಲೇ ಶುರುಮಾಡಿದ.

“ಬುದ್ಧಿನೂ ಕಮ್ಮಿ ಆಗುತ್ತೆ. ಅದಕ್ಕೂ ಒಂದು ಡಬ್ಬಿ ಇಟ್ಟಿದ್ದೀಯಾ?”

ಕದಿರೇಶ್ ನಕ್ಕ. ಬೈಸಿಕೊಂಡು ಅಭ್ಯಾಸವಿದ್ದವನ ನಗು. “ತಮಾಷೆ ಮಾಡ್ತೀರ. ಇದು ಸೈನ್ಸ್ ಮೇಡಂ. ಮೀನಿನ ಚರ್ಮದಿಂದ ತೆಗೆದಿದ್ದು ನಮ್ಮ ಚರ್ಮಕ್ಕೆ ಸೇರುತ್ತೆ.”

“ಹಂಗಾದ್ರೆ ಕುರಿ ಮೆದುಳು ತಿಂದೋನು ಕುರಿ ಆಗಬೇಕಿತ್ತು. ನೀನು ಏನು ತಿಂದಿದ್ದೀಯಪ್ಪ? ಹೊಟ್ಟೆಗೆ ಹೋದ ಮೇಲೆ ಎಲ್ಲಾ ನುಣ್ಣಗೆ ಅರೆದು ಹೋಗುತ್ತೆ. ಇದು ಮೊಣಕಾಲಿಗೆ ಹೋಗ್ಬೇಕು, ಇದು ಕೆನ್ನೆಗೆ ಹೋಗ್ಬೇಕು ಅಂತ ಅಡ್ರೆಸ್ ಬರೆದು ಕಳಿಸ್ತೀಯಾ? ಇರಲಿ. ಒಂದು ಹೊಸ ಡಬ್ಬಿ ತೆಗಿ, ಒಂದು ಲೋಟ ನೀರು ತರಿಸು.”

ಕದಿರೇಶ್ ಡಬ್ಬಿಯ ಸೀಲು ಒಡೆದುಕೊಟ್ಟ. ಭಾರತಮ್ಮ ಒಂದು ಚಮಚ ಪುಡಿಯನ್ನು ನೀರಿಗೆ ಹಾಕಿ ಕಲಸಿ, ಬ್ಯಾಗಿನಿಂದ ಟಿಂಚರ್ ಅಯೋಡಿನ್ನಿನ ಪುಟ್ಟ ಸೀಸೆ ತೆಗೆದು ಎರಡು ತೊಟ್ಟು ಬಿಟ್ಟರು. ಲೋಟದೊಳಗಿನ ನೀರು ನೋಡುನೋಡುತ್ತ ಶಾಯಿಯ ಬಣ್ಣಕ್ಕೆ ತಿರುಗಿತು.

“ಹೈಸ್ಕೂಲಿಗೆ ಹೋಗಿದ್ದೀಯಾ ಕದಿರೇಶ್? ಇದೇನು ಹೇಳು.”

ಅವನು ಲೋಟವನ್ನೇ ನೋಡುತ್ತ ನಿಂತ.

“ನಾನೇ ಹೇಳ್ತೀನಿ ಬಿಡು. ಅಯೋಡಿನ್ ಹಿಂಗೆ ನೀಲಿಗಟ್ಟೋದು ಹಿಟ್ಟಿದ್ರೆ ಮಾತ್ರ. ನಿಂದು ಅಕ್ಕಿ ಹಿಟ್ಟು. ಮೀನಲ್ಲಿ ಹಿಟ್ಟಿರಲ್ಲಪ್ಪ. ನಿನ್ನ ಮೀನು ಯಾವ ಗದ್ದೇಲಿ ಬೆಳೆದಿದ್ದು?”

“ತೂಕಕ್ಕೆ ಸ್ವಲ್ಪ ಬೇಸ್ ಅಂತ ಹಾಕ್ತೀವಿ ಮೇಡಂ...”

“ಐದು ಜನ ಹೆಂಗಸರು ಸಾವಿನ ಬಾಯಲ್ಲಿದ್ದಾರೆ. ಬೇಸ್ ಅಂತೆ ಬೇಸ್! ಅಕ್ಕಿ ಹಿಟ್ಟಿನ ಜೊತೆ ಏನು ಬೆರೆಸಿದ್ದೆ?”

ಸಾವು ಎಂಬ ಮಾತು ಕೇಳಿದ್ದೇ ತಡ, ಕೋಚ್ ಕರಗಿಹೋಗಿ ಹೆಂಚಿನ ವ್ಯಾಪಾರಿ ಹೊರಗೆ ಬಂದ. ಹಣೆಯ ಬೆವರನ್ನು ತೋಳಿನಿಂದಲೇ ಒರೆಸಿಕೊಂಡ.

“ಏನೂ ಇಲ್ಲ ಮೇಡಂ! ನಮ್ಮ ತಾಯಾಣೆ, ನನ್ನ ಡಬ್ಬೀಲಿ ಏನೂ ಇಲ್ಲ! ಅಕ್ಕಿ ಹಿಟ್ಟು, ಸಕ್ಕರೆ ಪುಡಿ, ಬಣ್ಣ, ಮಾವಿನ ಎಸೆನ್ಸ್. ಕೊಲಾಜನ್ ಅನ್ನೋದನ್ನ ನಾನು ಕಣ್ಣಲ್ಲೇ ನೋಡಿಲ್ಲ. ಇದರಿಂದ ಯಾರಿಗೂ ಏನೂ ಆಗಲ್ಲ. ಒಳ್ಳೇದೂ ಆಗಲ್ಲ, ಕೆಟ್ಟದ್ದೂ ಆಗಲ್ಲ. ನೋಡಿ ಬೇಕಾದ್ರೆ!”

ಮೂರು ಚಮಚ ಪುಡಿಯನ್ನು ಒಂದರ ಹಿಂದೊಂದು ಬಾಯಿಗೆ ಸುರಿದುಕೊಂಡು, ಕೆಮ್ಮಿ, ನೀರು ಕುಡಿದ. ತನ್ನ ಸರಕು ಕೆಲಸಕ್ಕೆ ಬಾರದ್ದೆಂದು ಇಷ್ಟು ಪ್ರಾಮಾಣಿಕವಾಗಿ ಆಣೆ ಇಟ್ಟ ವ್ಯಾಪಾರಿಯನ್ನು ಭಾರತಮ್ಮ ಮೊದಲ ಸಲ ನೋಡುತ್ತಿದ್ದರು. ಮೀನಿನ ನೆರಳೂ ಬೀಳದ ಪುಡಿಯನ್ನು ಮೀನೆಂದು ನಂಬಿ ಅಟ್ಟಕ್ಕೆ ಹಾಕಿದ ದೊಡ್ಡಗಂಗಮ್ಮ ನೆನಪಾದಳು. ನಗು ಬರಬೇಕಿತ್ತು, ಬರಲಿಲ್ಲ.

“ಏನೂ ಇಲ್ಲದ ಪುಡಿಯಿಂದ ಮೂರೇ ದಿನಕ್ಕೆ ಮೊಣಕಾಲು ನೋವು ಹೆಂಗಪ್ಪ ಹೋಯ್ತು?”

“ಅದೇ ನನಗೂ ಗೊತ್ತಿಲ್ಲ ಮೇಡಂ.”

ಭಾರತಮ್ಮ ಕದಿರೇಶನ ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು. ಸಿಹಿ, ಹಿಟ್ಟು, ಸುಳ್ಳು ಮಾವು. ಬಾಯಿ ಮುಕ್ಕಳಿಸಿ ಉಗಿದು, ದೊಡ್ಡಗಂಗಮ್ಮನ ಡಬ್ಬಿಯಿಂದಲೂ ಒಂದು ಚಿಟಿಕೆ ಇಟ್ಟುಕೊಂಡರು. ಮೊದಲು ಅದೇ ಸಿಹಿ, ಅದೇ ಮಾವು. ಅದರ ಹಿಂದೆಯೇ, ನಾಲಿಗೆಯ ಬುಡದಲ್ಲಿ, ಒಂದು ಕಹಿ.

ಆ ಕಹಿ ಅವರಿಗೆ ಹಳೆಯ ಪರಿಚಯ. ಉಬ್ಬಸದ ಮಕ್ಕಳಿಗೆ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಪುಡಿಮಾಡಿ ಪೊಟ್ಟಣ ಕಟ್ಟಿಕೊಟ್ಟ ದಿನಗಳಲ್ಲಿ, ಮಗು ಉಗಿಯುತ್ತದೆಂದು ತಾಯಂದಿರು ವಾಪಸು ಬರುತ್ತಿದ್ದರು. ಅಷ್ಟೇನು ಕಹಿ ಎಂದು ಅವರೇ ಒಂದು ದಿನ ನೆಕ್ಕಿ ನೋಡಿದ್ದರು. ಅದು ಸ್ಟೀರಾಯ್ಡ್ ಮಾತ್ರೆ. ಕೊಟ್ಟ ಎರಡು ಮೂರು ದಿನದಲ್ಲೇ ನೋವು, ಊತ ಎಲ್ಲ ಮಾಯ. ತಿಂಗಳುಗಟ್ಟಲೆ ತಿಂದವರ ಮುಖ ದುಂಡಗಾಗುತ್ತದೆ, ಕೆನ್ನೆ ಉಬ್ಬಿ ಕೆಂಪಾಗುತ್ತದೆ. ಕಿಟಕಿಯ ಮುಂದೆ ಅಂಥ ನೂರು ಮುಖಗಳನ್ನು ಕಂಡಿದ್ದರು. ಮಾತ್ರೆ ತಂದ ಬಾವನ್ನು ಕಾಂತಿಯೆಂದು ತಿಳಿದು ಈ ಐವರೂ ಕನ್ನಡಿ ನೋಡಿ ಹಿಗ್ಗಿದ್ದರು.

ಆ ಮಾತ್ರೆಯ ಬಗ್ಗೆ ಅವರು ಪ್ರತಿಯೊಬ್ಬ ರೋಗಿಗೂ ಹೇಳುತ್ತಿದ್ದ ಮಾತೊಂದಿತ್ತು. ‘ತಾನಾಗಿ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತಿಂದ ಮೇಲೆ, ಮೈ ತಾನೇ ಮಾಡಿಕೊಳ್ಳಬೇಕಾದದ್ದನ್ನು ಮರೆತಿರುತ್ತೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.’

ಐವರನ್ನು ಕೆಡವಿದ್ದು ಕುಡಿದದ್ದಲ್ಲ, ಬಿಟ್ಟದ್ದು. ಶ್ರಾವಣ ಮಾಡುವವರು ಬಿಟ್ಟರು, ಬಿದ್ದರು. ಶ್ರಾವಣವಿಲ್ಲದ ಕೇರಿಯವರು ಕುಡಿಯುತ್ತಲೇ ಇದ್ದರು, ನಿಂತರು. ನೂರ್ಜಹಾನ್ ಎಲ್ಲರಿಗೂ ಒಂದೇ ಡಬ್ಬಿ ಕೊಟ್ಟಿದ್ದಳು. ಇಷ್ಟನ್ನು ತಿಳಿಯದ ದೊಡ್ಡ ಮನುಷ್ಯರೆಲ್ಲ ಮೊಬೈಲಿನಲ್ಲಿ ಕೂತು ಧರ್ಮದ ಲೆಕ್ಕ ಹಾಕುತ್ತಿದ್ದರು.

ಭಾರತಮ್ಮ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿದರು. ಡ್ಯೂಟಿ ಡಾಕ್ಟರ್ ಅವರನ್ನು ಬಲ್ಲವರು, ಅಡ್ಡ ಮಾತಾಡಲಿಲ್ಲ. “ಸ್ಟೀರಾಯ್ಡಾ? ಮೊದಲೇ ಯಾರಾದ್ರೂ ಹೇಳಿದ್ರೆ... ಈಗಲೇ ಇಂಜೆಕ್ಷನ್ ಶುರು ಮಾಡ್ತೀನಿ ಮೇಡಂ,” ಎಂದು ಇಟ್ಟುಬಿಟ್ಟರು.

ಭಾರತಮ್ಮ ಕದಿರೇಶನ ಕಡೆ ತಿರುಗಿದರು. “ಈ ಡಬ್ಬಿ ನಿಂದು, ಚೀಟಿ ನಿಂದು. ಒಳಗಿರೋ ಔಷಧ ಯಾರದ್ದು?”

“ನಾನು ತುಂಬಿದ ಡಬ್ಬಿ ಅಲ್ಲ ಅದು.”

“ಮತ್ತೆ?”

ಕದಿರೇಶ್ ಬಾಗಿಲ ಕಡೆ ನೋಡಿ, ಸ್ವರ ಇಳಿಸಿದ. “ಮೊದಲು ನೂರ್ಜಹಾನ್ ಅವರಿಗೆ ನಾನೇ ಡಬ್ಬಿ ಕಳಿಸ್ತಿದ್ದೆ. ಏನೂ ಗುಣ ಇಲ್ಲ ಅಂತ ಎಲ್ಲಾರೂ ಆಯಮ್ಮನ್ನ ಬೈದು ವಾಪಸ್ ಕೊಟ್ರು. ಆಯಮ್ಮ ಇನ್ಮೇಲೆ ಬ್ಯಾಡ ಅಂದ್ರು. ಆಗ ಒಬ್ಬರು ಬಂದ್ರು. ‘ನೀನು ಹಿಟ್ಟು ಮೂಟೆಲಿ ಕಳಿಸು, ಖಾಲಿ ಡಬ್ಬಿ, ಚೀಟಿ ಕಳಿಸು. ಗುಣ ಬರೋ ಹಂಗೆ ನಾನು ಮಾಡ್ತೀನಿ. ಹೊಸ ಸರಕು ಅಂತ ಹೇಳಿ ಆಯಮ್ಮನ ಕೈಲೇ ಮಾರಿಸು, ನನ್ನ ಹೆಸರು ಎಲ್ಲೂ ಬರಬಾರದು’ ಅಂದ್ರು. ನಾಲ್ಕು ತಿಂಗಳಿಂದ ನಾನು ಬರೀ ಮೂಟೆ ಕಳಿಸೋದು. ಡಬ್ಬಿ ತುಂಬಿ ಬಸ್ಸಿಗೆ ಪಾರ್ಸಲ್ ಹಾಕೋದು ಅವರೇ. ಮಾಲೂರಿಂದಾನೇ ಬರುತ್ತೆ ಅಂತ ನೂರ್ಜಹಾನ್ ಅವರು ತಿಳ್ಕೊಂಡಿದ್ರು.”

“ಮೂಟೆ ಎಲ್ಲಿಗೆ ಕಳಿಸ್ತಿದ್ದೆ?”

“ಶ್ರೀನಿವಾಸಪುರಕ್ಕೆ.”

“ಹೆಸರು ಹೇಳು.”

“ನಿಮಗೆ ಗೊತ್ತಿರೋರೇ ಮೇಡಂ. ಇಲ್ಲಿಗೆ ಬಂದಾಗೆಲ್ಲ ನಿಮ್ಮ ಹೆಸರು ಹೇಳೋರು. ಔಷಧದ ವಿಷಯ ಎಲ್ಲಾ ಭಾರತಮ್ಮನೋರೇ ಕಲಿಸಿದ್ದು ಅನ್ನೋರು.” ಕದಿರೇಶ್ ಮೇಜಿನ ಡ್ರಾಯರ್ ಎಳೆದ. “ಮೆಡಿಕಲ್ ಸ್ಟೋರ್ ವೆಂಕಟ್.”

ಭಾರತಮ್ಮನಿಗೆ ಮೊದಲು ಸಿಟ್ಟು ಬಂದದ್ದು ಕದಿರೇಶನ ಮೇಲೆ, ಸುಳ್ಳು ಹೇಳುತ್ತಿದ್ದಾನೆಂದು. ಆದರೆ ಇಷ್ಟೊತ್ತು ಇದ್ದುದನ್ನೆಲ್ಲ ಕಕ್ಕಿದವನು ಇದೊಂದನ್ನು ಯಾಕೆ ಕಟ್ಟಿ ಹೇಳುತ್ತಾನೆ? ಮೂಟೆ ಕಳಿಸಿದ ಲಾರಿ ಚೀಟಿಗಳನ್ನು ಅವನು ಮೇಜಿನ ಮೇಲೆ ಹರಡಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಎಲ್ಲದರಲ್ಲೂ ಒಂದೇ ವಿಳಾಸ, ಒಂದೇ ಸಹಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಯ್ದದ್ದೂ ಅಲ್ಲದೆ, ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಹೊಲಿಗೆಯವಳ ಮೇಲೆ ದೂರು ಬರೆಸಿತ್ತು. ವೆಂಕಟನ ಬೈಗುಳ ಕೇಳಿ ಬೀಗಿದ ತಮ್ಮ ಬಗ್ಗೆಯೇ ಭಾರತಮ್ಮನಿಗೆ ಹೇಸಿಗೆಯಾಯಿತು. ದೊಡ್ಡಗಂಗಮ್ಮ ಡಬ್ಬಿಯ ಚೀಟಿ ನೋಡಿ ಮೋಸ ಹೋಗಿದ್ದಳು. ಇವರು ವೆಂಕಟನ ಮಾತು ಕೇಳಿ ಹೋಗಿದ್ದರು. ವ್ಯತ್ಯಾಸವೇನೂ ಇರಲಿಲ್ಲ.

ಚೀಟಿಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುವಾಗ ಫೋನ್ ಬಂತು. ಮಹೆಕ್.

“ಆಂಟಿ, ಅಮ್ಮಿ ಸ್ಟೇಷನಲ್ಲಿ ಬಿದ್ಬಿಟ್ರು. ವಾಂತಿ ಮೇಲೆ ವಾಂತಿ. ಕೈಕಾಲು ತಣ್ಣಗಾಗೈತೆ. ಪೊಲೀಸ್ನೋರು ಜೀಪಲ್ಲೇ ಕೋಲಾರಕ್ಕೆ ಕರ್ಕೊಂಡು ಹೋಗ್ತಾವ್ರೆ. ನಾನೂ ಜೊತೇಲಿದ್ದೀನಿ.”

“ಅಮ್ಮಿನೂ ಆ ಪುಡಿ ಕುಡೀತಿದ್ರೇನೇ?”

“ಹ್ಞೂಂ, ಮಷೀನ್ ತುಳಿದು ಮೊಣಕಾಲು ನೋವು ಅಲ್ವಾ? ಮೂರು ದಿನದ ಹಿಂದೆ ಪೊಲೀಸ್ನೋರು ಎಲ್ಲಾ ಡಬ್ಬಿ ತಗೊಂಡು ಹೋದ್ರಲ್ಲ, ಅವತ್ತಿಂದ ಇಲ್ಲ.”

“ಸರಿಯಾಗಿ ಕೇಳಿಸ್ಕೋ ಮಗಳೇ. ಆಸ್ಪತ್ರೆಗೆ ಹೋದ ತಕ್ಷಣ ಹೇಳು, ನಾಲ್ಕು ತಿಂಗಳು ಸ್ಟೀರಾಯ್ಡ್ ತಿಂದಿದ್ರು, ಮೂರು ದಿನದಿಂದ ನಿಂತಿದೆ ಅಂತ. ಡಾಕ್ಟರಿಗೆ ಗೊತ್ತಾಗುತ್ತೆ. ನಿಮ್ಮ ಕೇರಿಯವರಿಗೂ ಈಗಲೇ ಫೋನ್ ಮಾಡು. ಯಾರೂ ಒಮ್ಮೆಲೇ ಪುಡಿ ಬಿಡಬಾರದು. ಬಿಡೋದಕ್ಕೆ ಮುಂಚೆ ಎಲ್ಲಾರೂ ಆಸ್ಪತ್ರೆಗೆ ಬರಬೇಕು.”

ಭಾರತಮ್ಮ ತಮ್ಮ ಬಾಯಿಂದಲೇ ಇಂಥ ಮಾತು ಹೊರಡುತ್ತದೆಂದು ಎಂದೂ ಎಣಿಸಿರಲಿಲ್ಲ.

“ಕೇಳಿಸ್ತಾ?”

“ಕೇಳಿಸ್ತು ಆಂಟಿ. ಆದ್ರೆ ಪಕ್ಕದ್ಮನೆ ಕೌಸರ್ ಖಾಲಾ, ಕೇರಿಯೋರು ಎಲ್ಲಾರೂ ಡಬ್ಬಿ ಕೊಟ್ಬಿಟ್ರು. ಬೆಳಿಗ್ಗೆ ವೇದಿಕೆಯೋರ ಆಟೋ ಬಂದಿತ್ತು. ಮೈಕಲ್ಲಿ ನೀವೇ ಹೇಳಿದ್ರಲ್ಲ, ಬಿಸಾಕಿ ಅಂತ. ನಿಮ್ಮ ಆವಾಜ್ ಕೇಳಿ ಒಬ್ರೂ ಎದುರು ಮಾತಾಡಲಿಲ್ಲ.”

ನಿನ್ನೆ ವೆಂಕಟ್ ಮನೆಗೆ ಬಂದಿದ್ದ. ‘ಜನ ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ ಮೇಡಂ, ನಾಲ್ಕು ಮಾತು ಬೈದುಬಿಡಿ’ ಎಂದು ರೆಕಾರ್ಡ್ ಮಾಡಲು ಫೋನ್ ಹಿಡಿದಿದ್ದ. ಭಾರತಮ್ಮ ಮನಸಾರೆ ಬೈದಿದ್ದರು. ಅವನು ನಗುತ್ತ ಕೇಳಿಸಿಕೊಂಡು, ನಮಸ್ಕಾರ ಮಾಡಿ ಹೋಗಿದ್ದ.

ಅವರು ವೆಂಕಟನ ನಂಬರ್ ಒತ್ತಿದರು. ಎರಡನೆಯ ರಿಂಗಿಗೇ ಅವನು ಎತ್ತಿದ. ಆಟೋ ಓಡುವ ಸದ್ದು, ಗಾಳಿ.

“ಹೇಳಿ ಮೇಡಂ. ಮುಳಬಾಗಿಲು ಮುಗೀತು. ಗೌನಿಪಲ್ಲೀಲೂ ಆಯ್ತು. ಈಗ ರಾಯಲ್ಪಾಡು ದಾರೀಲಿ ಇದ್ದೀವಿ. ಏನು ಜನ ಮೇಡಂ! ನಾವು ಕೇಳೋದಕ್ಕೆ ಮುಂಚೆ ತಾವೇ ತಂದು ಕೊಡ್ತಾವ್ರೆ.”

“ಆ ಕಡೆನೂ ಈ ಡಬ್ಬಿ ಹೋಗಿದೆಯಾ?”

“ಎಲ್ಲಾ ಕಡೆ ಹೋಗಿದೆ ಮೇಡಂ. ಇನ್ನೂರು ಮನೆ ಮೇಲೇನೇ.”

ಇನ್ನೂರು ಮನೆ. ಆಸ್ಪತ್ರೆ ಎಂದರೆ ಎರಡು ಬಸ್ಸು ಬದಲಿಸಬೇಕಾದ ಊರುಗಳು. ತಮಗೆ ಗೊತ್ತಾಗಿದೆಯೆಂದು ತಿಳಿದರೆ ಇವನು ಸಂಜೆಯೊಳಗೆ ಅಂಗಡಿಯ ಹಿಂದಿನ ಮೂಟೆ, ಮಾತ್ರೆ ಎಲ್ಲವನ್ನೂ ಸುಟ್ಟುಹಾಕುತ್ತಾನೆ. ಲಾರಿ ಚೀಟಿಯಲ್ಲಿರುವುದು ಹಿಟ್ಟಿನ ಲೆಕ್ಕ, ಮಾತ್ರೆಯದಲ್ಲ; ಆಮೇಲೆ ನೂರ್ಜಹಾನ್ ಬದುಕಿದರೂ ಜೈಲೇ. ಸುಮ್ಮನಿದ್ದರೆ ಸಾಕ್ಷಿಯ ಡಬ್ಬಿಗಳನ್ನು ಬಾಚಿಕೊಳ್ಳುತ್ತ ಆಟೋ ಮುಂದಿನ ಊರಿಗೆ ಹೋಗುತ್ತದೆ, ಅಲ್ಲಿಯವರೂ ಬೀಳುತ್ತಾರೆ.

“ಆಟೋ ನಿಲ್ಸು ವೆಂಕಟ್.”

“ಯಾಕೆ ಮೇಡಂ?”

ಭಾರತಮ್ಮ ಕಣ್ಣು ಮುಚ್ಚಿಕೊಂಡರು.

“ಆ ಡಬ್ಬೀಲಿ ಪ್ರೆಡ್ನಿಸೊಲೋನ್ ಇದೆ. ಹಿಂಗೆ ಒಮ್ಮೆಲೇ ಬಿಡಿಸಿದ್ರೆ ಜನ ಸಾಯ್ತಾರೆ. ಇದನ್ನ ನಿನಗೆ ಕಲಿಸಿದೋಳೇ ನಾನು. ಡಬ್ಬಿಗಳನ್ನ ವಾಪಸ್ ಕೊಡು, ಆಸ್ಪತ್ರೆಗೆ ಹೋಗಿ ಅಂತ ಮೈಕಲ್ಲಿ ಹೇಳು. ಈಗಲೇ.”

ಫೋನಿನ ಆ ಕಡೆ, ಆಟೋದ ಮೈಕಿನಿಂದ, ಭಾರತಮ್ಮನಿಗೆ ತಮ್ಮದೇ ದನಿ ಸ್ಪಷ್ಟವಾಗಿ ಕೇಳಿಸಿತು. “...ಮಂಕುಬೂದಿ ಕಣ್ರಮ್ಮ ಇದು, ಬರೀ ಮಂಕುಬೂದಿ. ಇವತ್ತೇ ಬಿಸಾಕಿ. ಒಂದು ಚಮಚನೂ ಬಾಯಿಗಿಡಬೇಡಿ. ಬಿಟ್ರೆ ಏನೂ ಆಗಲ್ಲ, ಅದಕ್ಕೆ ನಾನು ಗ್ಯಾರಂಟಿ...”

“ಗೊತ್ತು ಮೇಡಂ,” ಎಂದ ವೆಂಕಟ್, ಎಂದಿನ ವಿನಯದಲ್ಲೇ. “ನೀವು ಕಲಿಸಿದ್ದು ಯಾವುದನ್ನೂ ನಾನು ಮರೆತಿಲ್ಲ. ಈ ವಿಷಯ ಇನ್ಯಾರಿಗಾದ್ರೂ ಹೇಳಿದ್ದೀರಾ?”